ಉದಗೀರ ಸೀಮೆ ಮತ್ತು ರಜಾಕಾರ ಹಾವಳಿ: ತಪ್ಪು ಕಲ್ಪನೆ, ಸತ್ಯ

ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಬೇಕೋ ಪ್ರತ್ಯೇಕ ರಾಜ್ಯವಾಗಿ ಉಳಿಯಬೇಕೋ ಎಂಬ ಪ್ರಶ್ನೆ 1947ರ ಜೂನ್‌ನಲ್ಲಿ ಎದ್ದು, 1948ರ ಸೆಪ್ಟೆಂಬರ್‌ನಲ್ಲಿ ಸೈನ್ಯದ ಬಲದಿಂದ ತೀರ್ಮಾನವಾಯಿತು. ಉದಗೀರ ಮತ್ತು ನಿಲಂಗಾ ಆಗ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಸೀಮೆ ಇದು. ಒಕ್ಕೂಟ ಬೇಕೆಂದವರೂ ಬೇಡವೆಂದವರೂ ಒಂದೇ ಸಂಸ್ಥಾನದ ಪ್ರಜೆಗಳು, ಎಷ್ಟೋ ಕಡೆ ಒಂದೇ ಊರಿನವರು. ಹಾಗಾಗಿ ಹದಿನೈದು ತಿಂಗಳ ಈ ಕಲಹವನ್ನು ಎರಡು ದೇಶಗಳ ಯುದ್ಧ ಎನ್ನುವುದಕ್ಕಿಂತ ಅಂತರ್ಯುದ್ಧ ಎನ್ನುವುದೇ ಸರಿ. ಇಲ್ಲಿನ ಹಳ್ಳಿಗಳು ಅದನ್ನು ‘ರಜಾಕಾರ ಹಾವಳಿ’ ಎಂದೂ ಅದರ ಕೊನೆಯನ್ನು ‘ಪೊಲೀಸ್ ಆಕ್ಷನ್’ ಎಂದೂ ನೆನೆಯುತ್ತವೆ. ಆ ನೆನಪಿನ ಜೊತೆಗೆ ಬೆಳೆದು ಬಂದ ಕೆಲವು ನಂಬಿಕೆಗಳು ದಾಖಲೆಯ ಮುಂದೆ ನಿಲ್ಲುವುದಿಲ್ಲ.

“ನಿಜಾಮ ಭಾರತದಿಂದ ಬೇರೆಯಾದ”

ಬೇರೆಯಾಗಬೇಕಾದರೆ ಮೊದಲು ಸೇರಿರಬೇಕು. ಹೈದರಾಬಾದ್ ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ. ಅವರ ಪರಮಾಧಿಕಾರವನ್ನು ಒಪ್ಪಿಕೊಂಡ ದೇಶೀ ಸಂಸ್ಥಾನವಾಗಿತ್ತು. ಬ್ರಿಟಿಷರು ಹೊರಟಾಗ ಆ ಪರಮಾಧಿಕಾರ ಯಾರಿಗೂ ಹಸ್ತಾಂತರವಾಗದೆ ಕೊನೆಗೊಂಡಿತು. ದೇಶ ವಿಭಜನೆಯ ಜೂನ್ 3ರ ಯೋಜನೆ ಪ್ರಕಟವಾದ ಒಂಬತ್ತೇ ದಿನಕ್ಕೆ, 1947ರ ಜೂನ್ 12ರಂದು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನು ಹೊರಡಿಸಿ, ತನ್ನ ಸಂಸ್ಥಾನ ಭಾರತದ ಸಂವಿಧಾನ ಸಭೆಗಾಗಲಿ ಪಾಕಿಸ್ತಾನದ್ದಕ್ಕಾಗಲಿ ಪ್ರತಿನಿಧಿಗಳನ್ನು ಕಳಿಸುವುದಿಲ್ಲ, ಸ್ವತಂತ್ರವಾಗಿರುತ್ತದೆ ಎಂದು ಸಾರಿದ. ಅಂತರ್ಯುದ್ಧ ಎಂದೊಡನೆ ನೆನಪಾಗುವ ಅಮೆರಿಕದ ಅಂತರ್ಯುದ್ಧಕ್ಕೂ ಇದಕ್ಕೂ ಇರುವ ಮೊದಲ ವ್ಯತ್ಯಾಸವೇ ಇದು. ಅಲ್ಲಿ ದಕ್ಷಿಣದ 11 ರಾಜ್ಯಗಳು ತಾವೇ ಭಾಗವಾಗಿದ್ದ ಒಕ್ಕೂಟದಿಂದ ಹೊರನಡೆದವು. ಹೈದರಾಬಾದ್ ಒಕ್ಕೂಟದ ಹೊಸ್ತಿಲನ್ನೇ ದಾಟಿರಲಿಲ್ಲ.

ಕಾನೂನಿನ ಮಾತು ಹೀಗಿದ್ದರೂ ಭೂಗೋಳದ ಮಾತು ಬೇರೆ. ಸುಮಾರು 82,000 ಚದರ ಮೈಲಿ ವಿಸ್ತಾರದ, 1.6 ಕೋಟಿ ಜನರ ಆ ನಾಡಿಗೆ ನಾಲ್ಕೂ ದಿಕ್ಕಿಗೆ ಭಾರತವೇ, ಸಮುದ್ರವೆಂಬುದಿಲ್ಲ. ಜನಸಂಖ್ಯೆಯ ಬಹುಪಾಲು ಹಿಂದೂಗಳು, ಅಧಿಕಾರದ ಬಹುಪಾಲು ಮುಸ್ಲಿಂ ಗಣ್ಯರ ಕೈಯಲ್ಲಿ. ಸ್ವತಂತ್ರ ಹೈದರಾಬಾದ್ ಕಾಗದದ ಮೇಲೆ ಸಾಧ್ಯವಿತ್ತು, ನಕ್ಷೆಯ ಮೇಲೆ ಇರಲಿಲ್ಲ.

“ಎಲ್ಲವೂ ನಿಜಾಮನೊಬ್ಬನ ಹಟ”

ಈ ಕಥೆಯ ನಿಜವಾದ ತಿರುವು ರಣರಂಗದಲ್ಲಿ ಬರಲಿಲ್ಲ; 1947ರ ಅಕ್ಟೋಬರ್ 27ರ ಬೆಳಗಿನ ಜಾವ ಹೈದರಾಬಾದ್ ನಗರದ ಬೀದಿಯಲ್ಲಿ ಬಂತು. ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದದ ಕರಡು ಆ ಹೊತ್ತಿಗೆ ಸಿದ್ಧವಾಗಿತ್ತು. ಸಂಸ್ಥಾನದ ಪ್ರಧಾನಿ ಛತಾರಿಯ ನವಾಬ, ಬ್ರಿಟಿಷ್ ವಕೀಲ ವಾಲ್ಟರ್ ಮಾಂಕ್ಟನ್ ಮತ್ತು ಸುಲ್ತಾನ್ ಅಹಮದ್ ಇದ್ದ ನಿಯೋಗ ದೆಹಲಿಗೆ ಹೊರಡಬೇಕಿತ್ತು. ಹೊರಡುವ ಮೊದಲೇ ಇತ್ತೆಹಾದ್-ಉಲ್-ಮುಸ್ಲಿಮೀನ್ ಎಂಬ ಮುಸ್ಲಿಂ ರಾಜಕೀಯ ಸಂಘಟನೆ ಕಲೆಹಾಕಿದ ಸಾವಿರಾರು ಜನ ಅವರ ಮನೆಗಳನ್ನು ಮುತ್ತಿದರು. ನಿಜಾಮ ಹಿಂಜರಿದ, ನಿಯೋಗದವರು ರಾಜೀನಾಮೆಯಿತ್ತರು. ಸ್ವಲ್ಪ ದಿನಗಳಲ್ಲೇ ಉದ್ಯಮಿ ಮೀರ್ ಲಾಯಕ್ ಅಲಿ ಪ್ರಧಾನಿಯಾಗಿ ಬಂದರು.

ತಿಂಗಳು ದಾಟಿದ ಮೇಲೆ, ನವೆಂಬರ್ 29ರಂದು, ಹೆಚ್ಚೂಕಡಿಮೆ ಅದೇ ಒಪ್ಪಂದಕ್ಕೆ ಸಹಿ ಬಿತ್ತು. ಒಪ್ಪಂದದ ಮಾತುಗಳು ಬದಲಾಗಲಿಲ್ಲ, ಅದನ್ನು ನಡೆಸುವ ಕೈ ಬದಲಾಯಿತು. ಆ ಕೈ ಕಾಸಿಂ ರಜ್ವಿಯದು. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ರಜ್ವಿ 1946ರಲ್ಲಿ ಇತ್ತೆಹಾದ್‌ನ ಅಧ್ಯಕ್ಷನಾಗಿದ್ದ. ಅವನ ಸ್ವಯಂಸೇವಕ ಪಡೆಯೇ ರಜಾಕಾರರು. ಅವರು ನಿಜಾಮನ ಸೈನ್ಯ ಎಂಬ ತಿಳಿವಳಿಕೆಯೂ ಸರಿಯಲ್ಲ. ನಿಜಾಮನ ಖಾಯಂ ಸೈನ್ಯ ಎಲ್ ಎದ್ರೂಸ್ ಎಂಬ ಅರಬ್ ಮೂಲದ ಸೇನಾಪತಿಯ ಕೈಕೆಳಗಿತ್ತು, ಸುಮಾರು 22,000 ಮಂದಿಯದು. ರಜಾಕಾರರು ಎರಡು ಲಕ್ಷವಿದ್ದಾರೆಂದು ರಜ್ವಿ ಕೊಚ್ಚಿಕೊಳ್ಳುತ್ತಿದ್ದ. ಅವರಲ್ಲಿ ಹೆಚ್ಚಿನವರ ಬಳಿ ಈಟಿ, ಕತ್ತಿ, ನಾಡಬಂದೂಕುಗಳಷ್ಟೇ ಇದ್ದವು. ಸೈನ್ಯದ ಎದುರು ಆ ಪಡೆ ಏನೂ ಅಲ್ಲ. ನಿರಾಯುಧ ಹಳ್ಳಿಯ ಎದುರು ಅದೇ ಪಡೆ ಯಮ.

ಇಷ್ಟರಿಂದ ನಿಜಾಮ ನಿರ್ದೋಷಿಯಾಗುವುದಿಲ್ಲ. ರಜ್ವಿಯನ್ನು ತಡೆಯುವ ಅಧಿಕಾರ ಮೊದಲ ತಿಂಗಳುಗಳಲ್ಲಿ ಅವನಿಗಿತ್ತು, ಆತ ಬಳಸಲಿಲ್ಲ. ಒಪ್ಪಂದದ ಮಸಿ ಆರುವ ಮೊದಲೇ ಸಂಸ್ಥಾನದಲ್ಲಿ ಭಾರತದ ನೋಟಿಗೆ ನಿಷೇಧ ಬಂತು, ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಹೋಯಿತು. ಭಾರತ ಸಾಮಾನು ಸಾಗಣೆಗೆ ತಡೆಯೊಡ್ಡುತ್ತಿದೆ ಎಂದು ಹೈದರಾಬಾದ್ ದೂರಿತು. ಆ ದೂರಿನಲ್ಲೂ ಹುರುಳಿತ್ತು. ಆಸ್ಟ್ರೇಲಿಯಾದ ವಿಮಾನಚಾಲಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರೋರಾತ್ರಿ ಆಯುಧ ತಂದಿಳಿಸುತ್ತಿದ್ದ ನೆಲೆಗಳಲ್ಲಿ ಬೀದರ್ ವಿಮಾನ ನಿಲ್ದಾಣವೂ ಒಂದು.

“ಅದು ಹಿಂದೂ–ಮುಸ್ಲಿಂ ಜಗಳ”

ಅತಿ ಹೆಚ್ಚು ಕೇಳಿಬರುವ, ಅತಿ ಹೆಚ್ಚು ಹಾನಿ ಮಾಡಿರುವ ತಪ್ಪು ಕಲ್ಪನೆ ಇದು. ಇದಕ್ಕೆ ಆಧಾರವೇ ಇಲ್ಲವೆಂದಲ್ಲ. ರಜಾಕಾರರ ಭಾಷೆ ಧರ್ಮದ ಭಾಷೆಯಾಗಿತ್ತು, ಅವರ ದಾಳಿಗೆ ತುತ್ತಾದವರಲ್ಲಿ ಹೆಚ್ಚಿನವರು ಹಿಂದೂಗಳು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಕನ್ನಡ ಸೀಮೆಯ ಅತಿ ಘೋರ ಅಧ್ಯಾಯ. ಸತ್ತವರು 200ಕ್ಕೂ ಹೆಚ್ಚು ಎಂಬುದು ಆ ಭಾಗದಲ್ಲಿ ನೆಲೆಯೂರಿದ ಲೆಕ್ಕ. ಅದೇ ಮೇ 22ರಂದು ಕಲಬುರಗಿ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಪ್ರಯಾಣಿಕರ ಮೇಲೆ ದಾಳಿಯಾಯಿತು. ಊರು ಬಿಟ್ಟವರು ಸೋಲಾಪುರ, ಅಕ್ಕಲಕೋಟೆ, ಬಾರ್ಶಿಗಳ ಕಡೆ ನಡೆದರು.

ಆದರೆ ಎರಡೂ ಪಾಳೆಯಗಳೊಳಗೆ ಯಾರಿದ್ದರು ಎಂದು ನೋಡಿದರೆ ಚಿತ್ರ ಗೋಜಲಾಗುತ್ತದೆ. ಹೈದರಾಬಾದಿನ ‘ಇಮ್ರೋಜ್’ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. ಹಾಗೆಂದು ಕರೆಕೊಟ್ಟ ಮುಸ್ಲಿಂ ಗಣ್ಯರ ಹೇಳಿಕೆಗೂ ಅವರ ಪತ್ರಿಕೆಯಲ್ಲಿ ಜಾಗ ಸಿಕ್ಕಿತು. 1948ರ ಆಗಸ್ಟ್‌ನಲ್ಲಿ ಅವರನ್ನು ನಡುಬೀದಿಯಲ್ಲಿ ಕೊಂದರು. ಇತ್ತ ಲಾಯಕ್ ಅಲಿ ಮಂತ್ರಿಮಂಡಲದಲ್ಲಿ ಪಿಂಗಳಿ ವೆಂಕಟರಾಮ ರೆಡ್ಡಿ ಉಪಪ್ರಧಾನಿ, ದಲಿತ ನಾಯಕ ಬಿ. ಎಸ್. ವೆಂಕಟರಾವ್ ಮಂತ್ರಿ. ವಿಶ್ವಸಂಸ್ಥೆಗೆ ಹೈದರಾಬಾದಿನ ದೂರು ಒಯ್ದ ನಿಯೋಗದಲ್ಲಿ ಮತ್ತೊಬ್ಬ ದಲಿತ ನಾಯಕ ಬಿ. ಶ್ಯಾಮಸುಂದರ್ ಇದ್ದರು, ಎರಡು ದಶಕಗಳ ನಂತರ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದವರು ಇವರೇ. ಸವರ್ಣರ ಕೈಗೆ ಅಧಿಕಾರ ಹೋದರೆ ತಮ್ಮ ಪಾಡೇನು ಎಂಬುದು ಇವರ ಪ್ರಶ್ನೆ, ಮತ್ತು ಅದು ಅಸಂಬದ್ಧ ಪ್ರಶ್ನೆಯಾಗಿರಲಿಲ್ಲ. ಡಾ. ಬಿ. ಆರ್. ಅಂಬೇಡ್ಕರ್ ಮಾತ್ರ ಇವರ ದಾರಿಯನ್ನು ಒಪ್ಪಲಿಲ್ಲ. ಹೈದರಾಬಾದಿನ ದಲಿತರು ಯಾವ ಕಾರಣಕ್ಕೂ ನಿಜಾಮನ, ಇತ್ತೆಹಾದ್‌ನ ಪಕ್ಷ ವಹಿಸಬಾರದೆಂದು 1947ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟರು. ಹಿಂದೂ ದೇಶಮುಖರೂ ಜಾಗೀರುದಾರರೂ ಕೊನೆಯ ಗಳಿಗೆಯವರೆಗೆ ನಿಜಾಮನ ಕಡೆಗಿದ್ದುದಕ್ಕೆ ಇಷ್ಟು ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಜಮೀನು ಸಾಕಿತ್ತು.

ಒಕ್ಕೂಟದ ಪಕ್ಷವೂ ಒಂದೇ ಬಣ್ಣದ್ದಲ್ಲ. ಉದಗೀರ–ಉಮರ್ಗಾ ಸೀಮೆಯಲ್ಲಿ ಅದರ ಬೇರು 1930ರ ದಶಕದ ಆರ್ಯ ಸಮಾಜದಲ್ಲಿದೆ. ಉಮರ್ಗಾ ತಾಲ್ಲೂಕಿನ ಗುಂಜೋಟಿಯ ವೇದಪ್ರಕಾಶ್ ಆ ದಶಕದ ಕೊನೆಯಲ್ಲಿ ಕೊಲೆಯಾದರು. ಹೈದರಾಬಾದ್ ವಿಮೋಚನಾ ಹೋರಾಟದ ಮೊದಲ ಹುತಾತ್ಮರೆಂದು ಮರಾಠವಾಡಾ ಅವರನ್ನು ನೆನೆಯುತ್ತದೆ. ಉದಗೀರದ ವಕೀಲ ಭಾಯಿ ಶ್ಯಾಮಲಾಲ್ 1938ರ ಡಿಸೆಂಬರ್‌ನಲ್ಲಿ ಬೀದರ್ ಜೈಲಿನಲ್ಲಿ ತೀರಿಕೊಂಡರು. ಉದಗೀರದ ಒಂದು ಶಿಕ್ಷಣ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹಿಡಿದ ದಾರಿಗೆ ಆಯುಧ ಬೇಕಿರಲಿಲ್ಲ: ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, ಪಾಠ ಹೇಳಿದ್ದು ಮರಾಠವಾಡಾದ ಹಿಪ್ಪರಗಾ ಮತ್ತು ಅಂಬಾಜೋಗಾಯಿಯಲ್ಲಿ. ಅವರ ಸಂಘಟನೆಯ ಮೇಲೆ 1938ರಲ್ಲಿ ಬಿದ್ದ ನಿಷೇಧ 1946ರವರೆಗೂ ತೆರವಾಗಲಿಲ್ಲ. 1947–48ರಲ್ಲಿ ಗಡಿಯಾಚೆ ಸೋಲಾಪುರದಿಂದ ಮುಂಡರಗಿ, ಗಜೇಂದ್ರಗಡಗಳವರೆಗೆ ಕಾಂಗ್ರೆಸ್ ಶಿಬಿರಗಳು ಎದ್ದವು. ಉದಗೀರ ತಾಲ್ಲೂಕಿನ ದೇವರ್ಜನ ಹತ್ತಿರದ ಹತ್ತಿಬೇಟ ಗುಡ್ಡದಂಥ ಒಳನಾಡಿನ ನೆಲೆಗಳಿಂದಲೂ ತರುಣರು ರಜಾಕಾರರನ್ನು ಎದುರಿಸಿದರು. ಶಿಬಿರದವರೆಲ್ಲ ಸತ್ಯಾಗ್ರಹಿಗಳಾಗಿದ್ದರು ಎನ್ನುವುದೂ ಒಂದು ಸಿಹಿ ಕಲ್ಪನೆಯೇ. ಅವರು ಠಾಣೆಗಳ, ನಾಕಾಗಳ ಮೇಲೆ ಬಂದೂಕು ಹಿಡಿದು ಬಿದ್ದವರು.

“ಪೊಲೀಸರು ಬಂದು ಐದು ದಿನದಲ್ಲಿ ಮುಗಿಸಿದರು”

ಪೊಲೀಸರು ಬರಲಿಲ್ಲ. 1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಗಡಿ ದಾಟಿದ್ದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಕೈಕೆಳಗಿನ ಕವಚಪಡೆ, ಪದಾತಿ ದಳ; ಮೇಲೆ ವಾಯುಪಡೆ. ದೇಶದೊಳಗಿನ ಶಾಂತಿಪಾಲನೆ ಎಂದು ಜಗತ್ತಿಗೆ ಹೇಳಬೇಕಿದ್ದರಿಂದ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು. ಸೈನ್ಯದ ಕಡತದಲ್ಲಿ ಅದು ‘ಆಪರೇಷನ್ ಪೋಲೋ’. ಹೈದರಾಬಾದಿನ ದೂರು ಆಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿತ್ತು. ದಾಳಿಗೆ ಎರಡು ದಿನ ಮೊದಲು, ಸೆಪ್ಟೆಂಬರ್ 11ರಂದು, ಪಾಕಿಸ್ತಾನದ ಸ್ಥಾಪಕ ಜಿನ್ನಾ ತೀರಿಕೊಂಡಿದ್ದರು.

ಮುಖ್ಯ ದಾಳಿ ಸೋಲಾಪುರ–ಸಿಕಂದರಾಬಾದ್ ಹೆದ್ದಾರಿಗುಂಟ ಬಂದದ್ದರಿಂದ ಯುದ್ಧದ ಮೊದಲ ದಿನ ಪೂರ್ತಿ ಇದೇ ಸೀಮೆಯದು. ಮೊದಲ ಕಾದಾಟ ನಳದುರ್ಗದಲ್ಲಿ. ಬೋರಿ ನದಿಯ ಸೇತುವೆಯನ್ನು ಹೈದರಾಬಾದಿನ ಸೈನಿಕರು ಸ್ಫೋಟಿಸುವ ಮೊದಲೇ ಭಾರತೀಯ ಪಡೆ ಅದನ್ನು ಇಡಿಯಾಗಿ ವಶಪಡಿಸಿಕೊಂಡಿತು. ಮುಂಗಾರು ಮುಗಿಯದ ಸೆಪ್ಟೆಂಬರ್‌ನಲ್ಲಿ ಆ ಸೇತುವೆ ಬಿದ್ದಿದ್ದರೆ ಐದು ದಿನದ ಲೆಕ್ಕವೇ ತಪ್ಪುತ್ತಿತ್ತು. ತುಳಜಾಪುರದ ಕಡೆಯಿಂದ ಲೋಹಾರಾದತ್ತ ಹೊರಟ ಇನ್ನೊಂದು ತುಕಡಿಯನ್ನು ಉಕ್ಕಿದ ಹೊಳೆ ತಡೆದು ನಿಲ್ಲಿಸಿತ್ತು. ನಳದುರ್ಗದಿಂದ ಕವಚಪಡೆ ಬೆಳಿಗ್ಗೆ ಒಂಬತ್ತಕ್ಕೆ ಜಳಕೋಟ ಸೇರಿತು (ಇದು ನಳದುರ್ಗದ ಬಳಿಯ ಜಳಕೋಟ, ಉದಗೀರದ ಪಕ್ಕದ ಜಳಕೋಟವಲ್ಲ). ಮಧ್ಯಾಹ್ನ ಮೂರು ದಾಟುವಷ್ಟರಲ್ಲಿ ಅದು ಗಡಿಯಿಂದ 60 ಕಿಲೋಮೀಟರ್ ಒಳಗೆ ಉಮರ್ಗಾದಲ್ಲಿತ್ತು. ಅಲ್ಲಿನ ರಜಾಕಾರರ ಪ್ರತಿರೋಧ ಬೇಗನೆ ಮುರಿಯಿತು. ಮರುದಿನ ರಾಜೇಶ್ವರದ ದಾರಿಯಲ್ಲಿ ಹೊಂಚಿ ಕುಳಿತಿದ್ದವರನ್ನು ವಿಮಾನಗಳು ಚದುರಿಸಿದವು. ಹುಮನಾಬಾದ್, ಜಹೀರಾಬಾದ್ ದಾಟಿ ಸೈನ್ಯ ಮುಂದೊತ್ತಿತು. 17ರ ಬೆಳಗ್ಗೆ ಬೀದರ್ ವಿಮಾನ ನಿಲ್ದಾಣ ಕೈವಶವಾಯಿತು. ಅಂದು ಸಂಜೆ ನಿಜಾಮ ಕದನ ನಿಲ್ಲಿಸಿದ್ದಾಗಿ ಸಾರಿದ. ಎಲ್ ಎದ್ರೂಸ್ ಚೌಧುರಿಯವರಿಗೆ ವಿಧಿಪೂರ್ವಕ ಶರಣಾದದ್ದು 18ರಂದು.

“ಸೆಪ್ಟೆಂಬರ್ 17ಕ್ಕೆ ಎಲ್ಲ ಮುಗಿಯಿತು”

ರಣರಂಗದಲ್ಲಿ ಸತ್ತ ಭಾರತೀಯ ಸೈನಿಕರು ನೂರಕ್ಕಿಂತ ಕಡಿಮೆ; ಎದುರು ಪಕ್ಷದಲ್ಲಿ, ರಜಾಕಾರರೂ ಸೇರಿ, ಸಾವಿರಕ್ಕಿಂತ ಹೆಚ್ಚು. ಅತಿ ದೊಡ್ಡ ಸಾವಿನ ಲೆಕ್ಕ ಇವೆರಡರಲ್ಲೂ ಇಲ್ಲ. ಅದು ಸೈನ್ಯದ ಬೆನ್ನ ಹಿಂದೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ರಜಾಕಾರರು ಓಡಿಹೋದ ಊರುಗಳಲ್ಲಿ ನಡೆಯಿತು. ಸೇಡು ತೀರಿಸಿಕೊಂಡವರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ರಜಾಕಾರರಲ್ಲ, ಊರಲ್ಲೇ ಉಳಿದಿದ್ದ ಸಾಮಾನ್ಯ ಮುಸ್ಲಿಮರು.

ಈ ಕುರಿತು ವರದಿ ಮಾಡಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನವನ್ನು ಸುತ್ತಿದರು. ಇಡೀ ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದರು. ಅಂದರೆ ಉಮರ್ಗಾ, ನಿಲಂಗಾ, ಉದಗೀರ ಮೂರೂ ಆ ನಾಲ್ಕು ಜಿಲ್ಲೆಗಳ ಒಳಗೇ ಬಂದವು. ರಜ್ವಿಯ ಊರಾದ ಲಾತೂರಿನಲ್ಲಿ ಕೊಲೆ ಇಪ್ಪತ್ತು ದಿನಕ್ಕೂ ಮಿಕ್ಕಿ ನಡೆಯಿತು. ಅಲ್ಲಿದ್ದ ಸುಮಾರು 10,000 ಮುಸ್ಲಿಮರಲ್ಲಿ ಮೂರು ಸಾವಿರದಷ್ಟು ಮಂದಿ ಮಾತ್ರ ಊರಲ್ಲಿ ಉಳಿದಿದ್ದನ್ನು ಸಮಿತಿ ಕಂಡಿತು. ಸೈನಿಕರು ಹಲವೆಡೆ ಮುಸ್ಲಿಮರನ್ನು ಕಾಪಾಡಿದರು, ಕೆಲವೆಡೆ ಲೂಟಿಯಲ್ಲಿ ಸೇರಿದರು ಎಂದು ವರದಿ ಎರಡನ್ನೂ ದಾಖಲಿಸಿತು. ನೆರೆಯವರನ್ನು ಮನೆಯಲ್ಲಿ ಬಚ್ಚಿಟ್ಟು ಉಳಿಸಿದ ಹಿಂದೂಗಳನ್ನೂ, ಮುಸ್ಲಿಂ ನೇಕಾರರ ಪರ ನಿಂತ ಹಿಂದೂ ನೇಕಾರರನ್ನೂ ಅದು ಮರೆಯಲಿಲ್ಲ.

ಸರ್ದಾರ್ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ಅದು ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಅದರ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ, ಘಟನೆಯ ಬಗ್ಗೆ ಇಲ್ಲ. ಗೋರ್ಟಾವನ್ನು ಹೇಳಿ ಲಾತೂರನ್ನು ಬಿಡುವುದೂ, ಲಾತೂರನ್ನು ಹೇಳಿ ಗೋರ್ಟಾವನ್ನು ಬಿಡುವುದೂ ಒಂದೇ ಬಗೆಯ ಅರ್ಧ ಇತಿಹಾಸ.

ರಾಜಕೀಯವಾಗಿಯೂ 17ನೇ ತಾರೀಖು ಪೂರ್ಣವಿರಾಮವಲ್ಲ. ವರ್ಷಕ್ಕೂ ಹೆಚ್ಚು ಕಾಲ ಚೌಧುರಿ ಮಿಲಿಟರಿ ಗವರ್ನರ್ ಆಗಿ ಆಳಿದರು. ಭಾರತದ ಸಂವಿಧಾನವನ್ನು ಒಪ್ಪುವ ಫರ್ಮಾನನ್ನು ನಿಜಾಮ ಹೊರಡಿಸಿದ್ದು 1949ರ ನವೆಂಬರ್‌ನಲ್ಲಿ. ಗದ್ದುಗೆ ಕಳೆದುಕೊಂಡು ದೇಶ ಬಿಟ್ಟ ಎಂಬ ಮಾತು ಸುಳ್ಳು; ಆತ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖನಾಗಿದ್ದ. ದೇಶ ಬಿಟ್ಟವನು ರಜ್ವಿ, ಅದೂ ಜೈಲುವಾಸ ಮುಗಿಸಿ 1957ರಲ್ಲಿ.

“ಯುದ್ಧ ಗೆದ್ದ ದಿನವೇ ಜೀತ ಹೋಯಿತು”

ಅಮೆರಿಕದ ಅಂತರ್ಯುದ್ಧಕ್ಕೂ ಇದಕ್ಕೂ ಎರಡನೇ ವ್ಯತ್ಯಾಸ ಇಲ್ಲಿದೆ. ಅಲ್ಲಿ ಗುಲಾಮಗಿರಿಯೇ ಯುದ್ಧದ ಮೂಲ ಕಾರಣ. ಆದರೂ ಲಿಂಕನ್ ಹೊರಡಿಸಿದ 1863ರ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿತ್ತು; ದೇಶಾದ್ಯಂತ ಗುಲಾಮಗಿರಿ ಕಾನೂನಿನಿಂದ ಅಳಿಯಲು 1865ರ ಡಿಸೆಂಬರ್‌ನ 13ನೇ ತಿದ್ದುಪಡಿ ಬೇಕಾಯಿತು. ಹೈದರಾಬಾದಿನಲ್ಲಿ ನಂಟು ಇನ್ನೂ ಸಡಿಲ. ಭಾರತೀಯ ಸೈನ್ಯ ಬಂದದ್ದು ಒಕ್ಕೂಟಕ್ಕಾಗಿ. ಹೊಲದ ಆಳಿನ ಬಿಡುಗಡೆ ಅದರ ಆದೇಶದಲ್ಲಿ ಇರಲಿಲ್ಲ.

ಬಿಡುಗಡೆಯ ಅಗತ್ಯವಂತೂ ಇತ್ತು. ಸಂಸ್ಥಾನದ ಸುಮಾರು ಹತ್ತರಲ್ಲಿ ನಾಲ್ಕು ಪಾಲು ನೆಲ ಸರ್ಕಾರದ ನೇರ ಕಂದಾಯಕ್ಕೆ ಒಳಪಟ್ಟಿರಲಿಲ್ಲ. ಅದು ಜಾಗೀರು, ಪೈಗಾ ಎಂಬ ಗಣ್ಯ ಮನೆತನಗಳ ಹಾಗೂ ಸಂಸ್ಥಾನಿಕರ ಪಾಲು ಮತ್ತು ನಿಜಾಮನ ಸ್ವಂತ ಖರ್ಚಿನ ‘ಸರ್ಫ್-ಎ-ಖಾಸ್’. ಅಲ್ಲಿ ಪಟೇಲನ ಮನೆಗೆ ಕಟ್ಟಿಗೆ ಹೊರುವುದು, ಬಂದ ಅಧಿಕಾರಿಯ ಸಾಮಾನು ಮುಂದಿನ ಊರಿಗೆ ಮುಟ್ಟಿಸುವುದು, ಧಣಿಯ ಹೊಲವನ್ನು ಮೊದಲು ಬಿತ್ತಿ ಆಮೇಲೆ ತನ್ನದಕ್ಕೆ ಹೋಗುವುದು ಎಲ್ಲ ಬಿಟ್ಟಿ. ಕನ್ನಡದವರು ಬಿಟ್ಟಿ ಚಾಕರಿ ಅಂದದ್ದನ್ನು ಮರಾಠಿಯವರು ವೇಠಬಿಗಾರಿ ಅಂದರು, ತೆಲುಗರು ವೆಟ್ಟಿ ಚಾಕಿರಿ ಅಂದರು. ಹೊರೆ ಹೊತ್ತವರು ಮೂರೂ ಕಡೆ ಹೆಚ್ಚಾಗಿ ದಲಿತರು ಮತ್ತು ಕೆಳಜಾತಿಯ ಕಸುಬುದಾರರು. ಇನ್ನೊಂದು ಬಗೆ ಸಾಲದ ಜೀತ: ಅಪ್ಪ ತಂದ ಸಾಲಕ್ಕೆ ಮಗ ದುಡಿಯುವುದು. ಸಂಸ್ಥಾನದ ಕಡತಗಳಲ್ಲಿ ಇದರ ಹೆಸರು ‘ಭಾಗೇಲಾ’. ಇದನ್ನು ಕಟ್ಟುಪಾಡಿಗೆ ಒಳಪಡಿಸಲು ನಿಜಾಮ್ ಸರ್ಕಾರವೇ 1936ರಲ್ಲಿ ಕಾಯ್ದೆ ತಂದಿತ್ತು. ನಿಜಾಮನ ಕಾಲದಲ್ಲಿ ಕಾನೂನೇ ಇರಲಿಲ್ಲ ಎನ್ನುವುದು ತಪ್ಪು. ಕಾನೂನು ಇತ್ತು, ಅದನ್ನು ನಡೆಸಬೇಕಾದ ಪಟೇಲ, ಪಟವಾರಿ, ದೇಶಮುಖರೇ ಜೀತದ ಧಣಿಗಳಾಗಿದ್ದರು.

ಬಿಟ್ಟಿಯ ವಿರುದ್ಧದ ನೇರ ಯುದ್ಧ ನಡೆದದ್ದು ತೆಲಂಗಾಣದಲ್ಲಿ. 1946ರ ಜುಲೈನಲ್ಲಿ ಕಡವೆಂಡಿ ಗ್ರಾಮದಲ್ಲಿ ದೇಶಮುಖನ ಆಳುಗಳ ಗುಂಡಿಗೆ ದೊಡ್ಡಿ ಕೊಮರಯ್ಯ ಬಲಿಯಾದ ಮೇಲೆ ಕಮ್ಯುನಿಸ್ಟರ ನೇತೃತ್ವದಲ್ಲಿ ಹಬ್ಬಿದ ಸಶಸ್ತ್ರ ಹೋರಾಟ ಸೇರ್ಪಡೆಯ ಪ್ರಶ್ನೆಗಿಂತ ಹಳೆಯದು. ಅದು 1948ಕ್ಕೆ ನಿಲ್ಲಲೂ ಇಲ್ಲ. ರಜಾಕಾರರ ಜಾಗಕ್ಕೆ ಭಾರತೀಯ ಸೈನ್ಯ ಬಂದಿತು, ಗ್ರಾಮ ಬಿಟ್ಟಿದ್ದ ದೇಶಮುಖರು ಅದರ ಹಿಂದೆಯೇ ಮರಳಿದರು, ಹೋರಾಟ 1951ರ ಅಕ್ಟೋಬರ್‌ವರೆಗೆ ಎಳೆಯಿತು. ಬೀದರ್, ಉಸ್ಮಾನಾಬಾದ್ ಕಡೆ ಅಂಥ ಸಂಘಟನೆ ಬೆಳೆಯಲಿಲ್ಲ. ಇಲ್ಲಿ ಬದಲಾವಣೆ ಬಂದದ್ದು ಕಚೇರಿಯ ಕಾಗದದ ಮೂಲಕ, ನಿಧಾನವಾಗಿ. 1949ರಲ್ಲಿ ಸರ್ಫ್-ಎ-ಖಾಸ್ ಸರ್ಕಾರಕ್ಕೆ ಸೇರಿತು. ಅದೇ ಆಗಸ್ಟ್‌ನಲ್ಲಿ ಜಾಗೀರು ರದ್ದಾಯಿತು. 1950ರ ಜನವರಿ 26ರಿಂದ ಸಂವಿಧಾನದ 23ನೇ ವಿಧಿ ಬೇಗಾರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಅದೇ ವರ್ಷದ ಗೇಣಿ ಕಾಯ್ದೆ ಉಳುವವನಿಗೆ ಹಕ್ಕು ಕೊಟ್ಟಿತು, ಕಾಗದ ಓದಬಲ್ಲ ಗೇಣಿದಾರನಿಗೆ ಅದು ದಕ್ಕಿತು ಕೂಡ. ಸಾಲದ ಜೀತವನ್ನು ಅಪರಾಧವೆಂದು ಸಾರಿದ ರಾಷ್ಟ್ರೀಯ ಕಾಯ್ದೆ ಬರಲು 1976 ಬೇಕಾಯಿತು. ಸೇರ್ಪಡೆಯ ಪ್ರಶ್ನೆಯನ್ನು ಸೈನ್ಯ ಐದು ದಿನದಲ್ಲಿ ತೀರ್ಮಾನಿಸಿತು. ಜೀತದ ಪ್ರಶ್ನೆ ಕಾನೂನಿನ ಪುಟದಲ್ಲಿ ತೀರಲು ಅಲ್ಲಿಂದ 28 ವರ್ಷ ಹಿಡಿಯಿತು.

“ಉದಗೀರ ಆಗಲೂ ಗಡಿಯೂರು”

ಇಲ್ಲ. ಹಾವಳಿಯ ಕಾಲದಲ್ಲಿ ಉದಗೀರವು ಹೈದರಾಬಾದ್ ಸಂಸ್ಥಾನದ ಗಡಿಯಿಂದ ಬಲು ಒಳಗಿನ ಊರು. ಅದಕ್ಕಿಂತ ಗಡಿಗೆ ಹತ್ತಿರವಿದ್ದದ್ದು ಉಮರ್ಗಾ. ಇಂದಿನ ಕರ್ನಾಟಕ–ಮಹಾರಾಷ್ಟ್ರ ಗಡಿ 1956ರ ನವೆಂಬರ್ 1ರದು. ಅಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೂ ಹೋದವು. ಉದಗೀರ, ನಿಲಂಗಾಗಳು 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ ಸೇರಿದವು. ಸೆಪ್ಟೆಂಬರ್ 17 ಗಡಿಯ ಈಚೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಆಚೆ ಬೀದರ್, ಕಲಬುರಗಿಗಳಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದದ್ದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ.